ಕಡ್ಡಿಯೋ, ಡಬ್ಬಿಯೋ

ಮಾರ್ಚ್ ೪, ಮಂಗಳವಾರ

ಅಕ್ಕನ ಮನೆಗೆ ಬಂದು ಬಿದ್ದಿದ್ದೇನೆ. ಬಿದ್ದಿದ್ದೇನೆ ಎಂಬುದು ಮಾತಿನ ಅಲಂಕಾರವಲ್ಲ. ಹೋದ ವಾರ ಹೊಸ ಸಿನಿಮಾವೊಂದರ ಮೊದಲ ಪ್ರದರ್ಶನ. ಪತ್ರಿಕೆಗೆ ವಿಮರ್ಶೆ ಬರೆಯಬೇಕಾಗಿದ್ದರಿಂದ ಮಧ್ಯಂತರದವರೆಗಾದರೂ ಕೂರೋಣವೆಂದುಕೊಂಡಿದ್ದೆ. ನಾಯಕ ಮತ್ತೆ ಮಳೆಯಲ್ಲಿ ನಿಂತು ಅಳತೊಡಗಿದಾಗ ಆಗಲಿಲ್ಲ, ಎದ್ದು ಹೊರಟೆ. ಕತ್ತಲಲ್ಲಿ ಮೆಟ್ಟಿಲು ತಪ್ಪಿತು, ಪಾದದ ಮೇಲಿನ ಮೂಳೆ ಮುರಿಯಿತು. ಆ ಸಿನಿಮಾದಿಂದ ನಿಜವಾದ ನೋವು ಪಟ್ಟ ಏಕೈಕ ಪ್ರೇಕ್ಷಕ ನಾನು.

ನನ್ನ ಮನೆ ಮೂರನೆಯ ಮಹಡಿಯಲ್ಲಿ, ಲಿಫ್ಟಿಲ್ಲ. ಪ್ಲಾಸ್ಟರ್ ತೆಗೆಯುವ ತನಕ ಮೆಟ್ಟಿಲು ಹತ್ತುವ ಹಾಗಿಲ್ಲ ಎಂದರು ಡಾಕ್ಟರು. ಅಕ್ಕ ಒಂದು ಮಾತೂ ಕೇಳದೆ ಟ್ಯಾಕ್ಸಿ ತಂದು ನನ್ನನ್ನು ಮೂಟೆಯಂತೆ ಹೇರಿಕೊಂಡು ಬಂದಳು. ಇಸ್ತ್ರಿ ಮಾಡುವ ಕೋಣೆಯಲ್ಲಿ ಮಂಚ ಹಾಕಿದ್ದಾಳೆ. ಗೋಡೆಯಾಚೆ ಹಾಲು, ಹಾಲಿನಲ್ಲಿ ಟಿವಿ, ಟಿವಿಯ ಎದುರು ಭಾವ.

ಭಾವ ರೈಲು ಎಂಜಿನ್ ಓಡಿಸುತ್ತಿದ್ದವರು, ಈಗ ನಿವೃತ್ತರು. "ಬಾರಯ್ಯ ವಿಮರ್ಶಕ! ಕೊನೆಗೂ ಒಂದು ಸಿನಿಮಾ ನಿನ್ನ ಕಾಲು ಮುರೀತು ನೋಡು!" ಎಂದು ಬೀದಿಗೆಲ್ಲ ಕೇಳುವ ಹಾಗೆ ಸ್ವಾಗತಿಸಿದರು. ಅವರ ಮಾತು ಜೋರು, ನಗು ಜೋರು, ಸೀನು ಜೋರು. ಟಿವಿಯಂತೂ ಅಗ್ನಿಶಾಮಕ ದಳವನ್ನು ಕರೆಯುವಷ್ಟು ಜೋರು. ಕೇಳಿದರೆ, "ಎರಡು ಕಿವೀನೂ ರೈಲಿಗೆ ಕೊಟ್ಟುಬಿಟ್ಟೆ ಕಣಯ್ಯ" ಎಂದು ಪದಕ ತೋರಿಸುವವರ ಹಾಗೆ ಹೇಳುತ್ತಾರೆ.

ಅಕ್ಕ ಶಾಲೆಯಲ್ಲಿ ಸಂಗೀತ ಕಲಿಸುತ್ತಾಳೆ. ಸ್ವರ ಕೂದಲೆಳೆಯಷ್ಟು ತಪ್ಪಿದರೂ ಮುಖ ಕಿವುಚುತ್ತಿದ್ದವಳು. ಇಷ್ಟು ವರ್ಷ ಇಂಥ ಗದ್ದಲದ ಜೊತೆ ಸಂಸಾರ ಹೇಗೆ ಮಾಡಿದಳೋ.

ಮಾರ್ಚ್ ೬, ಗುರುವಾರ

ಟಿವಿ ಇಂದು ಸಂಜೆ ಕೈಕೊಟ್ಟಿತು. ಸಂತೋಷಪಟ್ಟೆ. ಆದರೆ ಅದು ಪೂರ್ತಿ ಸತ್ತಿಲ್ಲ. ಪರದೆ ಸರಿಯಿದೆ, ಒಳಗಿನ ಬುದ್ಧಿ ಹಳೆಯದಾಯಿತಂತೆ. ಸಿನಿಮಾ ತೋರಿಸುವ ಆ್ಯಪ್ ಒತ್ತಿದರೆ, ಈ ಟಿವಿಯಲ್ಲಿ ಇನ್ನು ಮುಂದೆ ಈ ಸೇವೆ ದೊರೆಯುವುದಿಲ್ಲ ಎಂಬ ವಿನಯದ ಸಂದೇಶ.

ಇದೇ ಧಾಟಿಯಲ್ಲಿ ಬೆಳಿಗ್ಗೆ ಸಂಪಾದಕರೂ ಫೋನ್ ಮಾಡಿದ್ದರು. ನನ್ನ ಕಾಲು ಸರಿಹೋಗುವ ತನಕ ಸಿನಿಮಾ ಪುಟವನ್ನು ಬೇರೆ ಯಾರೋ ನೋಡಿಕೊಳ್ಳುತ್ತಾರಂತೆ. "ನೀವು ಆರಾಮಾಗಿರಿ" ಎಂದರು. ಪತ್ರಿಕೆಯವರು ಆರಾಮಾಗಿರಿ ಎಂದರೆ ಅದರ ಅರ್ಥವೇನೆಂದು ನನಗೆ ಗೊತ್ತಿಲ್ಲವೇ.

ಟಿವಿಗೆ ಹೊರಗಿನಿಂದ ಒಂದು ಸಾಧನ ಸಿಕ್ಕಿಸಿದರೆ ಸಾಕು, ಮತ್ತೆ ಎಲ್ಲ ಬರುತ್ತದೆ ಎಂದು ಭಾವನ ಗೆಳೆಯರಾರೋ ಹೇಳಿದ್ದಾರೆ. "ಯಾವುದು ತಗೋಬೇಕು ಅಂತ ನೀನೇ ನೋಡಪ್ಪ. ನೀನು ಸಿನಿಮಾದವನು," ಎಂದರು ಭಾವ. ಹೋಟೆಲಿನಲ್ಲಿ ಉಂಡವನನ್ನು ಒಲೆ ರಿಪೇರಿಗೆ ಕರೆದಂತೆ. ಅಕ್ಕನನ್ನು ಕೇಳಿದೆ, "ನಿನಗೆ ಎಂಥದು ಬೇಕು?" ಅವಳು ತಟ್ಟೆ ಒರೆಸುತ್ತಿದ್ದಳು, ಉತ್ತರ ಕೊಡಲಿಲ್ಲ. ಮತ್ತೆ ಕೇಳಿದ ಮೇಲೆ ತಲೆಯೆತ್ತಿ, "ಯಾವುದಾದ್ರೂ ಸರಿ," ಎಂದಳು. ಯಾವುದಾದರೂ ಸರಿ ಎನ್ನುವವರಿಂದಲೇ ಲೋಕದ ಸಿನಿಮಾ ಹಾಳಾದದ್ದು.

ಮಾರ್ಚ್ ೯, ಭಾನುವಾರ

ಮಲಗಿದಲ್ಲೇ ಫೋನಿನಲ್ಲಿ ಸಂಶೋಧನೆ ನಡೆಸಿದೆ. ಸಾಧನಗಳಲ್ಲಿ ಎರಡು ಕುಲ. ಒಂದು ಕಡ್ಡಿ: ಹೆಬ್ಬೆರಳಿನಷ್ಟು ಉದ್ದ, ಟಿವಿಯ ಬೆನ್ನಿಗೆ ಉಣ್ಣೆಹುಳುವಿನ ಹಾಗೆ ಕಚ್ಚಿಕೊಂಡಿರುತ್ತದೆ. ಇನ್ನೊಂದು ಡಬ್ಬಿ: ಅಂಗೈಯಷ್ಟು ಅಗಲ, ಟಿವಿಯ ಕೆಳಗೆ ವೈರುಗಳ ಬಾಲ ಬಿಟ್ಟುಕೊಂಡು ಕೂರುತ್ತದೆ. ಎರಡೂ ಮಾಡುವುದು ಒಂದೇ ಕೆಲಸ, ಇಂಟರ್ನೆಟ್ಟಿನಲ್ಲಿರುವ ಕಸವನ್ನು ಮನೆಯೊಳಗೆ ತರುವುದು. ಕಡ್ಡಿ ಸ್ವಲ್ಪ ಕಡಿಮೆ ಕಸ ತರುತ್ತದೆ, ಡಬ್ಬಿ ಸ್ಪಷ್ಟವಾದ ಕಸ ತರುತ್ತದೆ.

ಇವಕ್ಕೂ ವಿಮರ್ಶಕರಿದ್ದಾರೆ! ನಕ್ಷತ್ರ ಕೊಡುತ್ತಾರೆ! "ಪ್ಯಾಕಿಂಗ್ ತುಂಬಾ ಚೆನ್ನಾಗಿದೆ, ಇನ್ನೂ ತೆರೆದಿಲ್ಲ" ಎಂದು ಬರೆದು ಐದಕ್ಕೆ ಐದು ಕೊಟ್ಟಿದ್ದಾನೆ ಒಬ್ಬ. ಇನ್ನೊಬ್ಬಾಕೆ ಒಂದೇ ನಕ್ಷತ್ರ ಕೊಟ್ಟು, "ನಮ್ಮ ಮನೆಯವರು ಈಗ ಮಾತೇ ಆಡುವುದಿಲ್ಲ" ಎಂದಿದ್ದಾಳೆ. ಇದು ಮಾತ್ರ ವಿಮರ್ಶೆ.

ನನ್ನ ಅಳತೆಗೋಲು ಒಂದೇ: ಚಿತ್ರ. ಕಪ್ಪು ಕಪ್ಪಾಗಿ ಕಾಣಬೇಕು, ನೆರಳಿನಲ್ಲಿ ಮುಖ ಕರಗಬಾರದು. ಅದಕ್ಕೆ ತಕ್ಕ ಡಬ್ಬಿಯೊಂದನ್ನು ಗುರುತಿಸಿ ಭಾವನಿಗೆ ಹೇಳಿದೆ. "ಸೌಂಡು ಜೋರಾಗಿ ಬರುತ್ತಾ?" ಎಂದರು. ಅಷ್ಟೇ ಅವರ ಪ್ರಶ್ನೆ.

ಮಾರ್ಚ್ ೧೩, ಗುರುವಾರ

ಟಿವಿ ಕೆಟ್ಟಿತೆಂದು ರೇಡಿಯೋ ಹೊರಬಂದಿದೆ. ಅದರ ದನಿ ಸಿಡಿಲು.

ಮಾರ್ಚ್ ೧೫, ಶನಿವಾರ

ನನ್ನ ಸಂಶೋಧನೆಗೆ ಕಾಯದೆ ಭಾವ ಪೇಟೆಗೆ ಹೋಗಿ ಅಗ್ಗದ ಕಡ್ಡಿ ತಂದಿದ್ದಾರೆ. ರಿಮೋಟಿಗೆ ಬಾಯಲ್ಲಿ ಹೇಳಿದರೆ ಸಾಕು, ಹುಡುಕಿಕೊಡುತ್ತದೆ ಎಂಬುದೇ ಅದರ ಆಕರ್ಷಣೆ. ರಿಮೋಟನ್ನು ಬಾಯಿಯ ಹತ್ತಿರ ಹಿಡಿದು, ಸ್ಟೇಷನ್ನಿನ ಇನ್ನೊಂದು ತುದಿಯ ಗಾರ್ಡನ್ನು ಕರೆಯುವವರಂತೆ, "ಒಳ್ಳೇ ಹಾಸ್ಯ ತೋರ್ಸು!" ಎಂದರು. ಕಡ್ಡಿ ಸ್ವಲ್ಪ ಯೋಚಿಸಿ ಒಳ್ಳೆಯ ಹಾಸಿಗೆ ಆರಿಸುವುದು ಹೇಗೆ ಎಂಬ ವಿಡಿಯೋ ಹಾಕಿತು. ಭಾವ ಅದನ್ನೂ ಪೂರ್ತಿ ನೋಡಿದರು.

ಆಮೇಲೆ ಆಯ್ಕೆ ನನಗೆ ಬಿಟ್ಟರು. ಈ ಮನೆಯ ಅಭಿರುಚಿಯನ್ನು ಒಂದು ಸಂಜೆಯ ಮಟ್ಟಿಗಾದರೂ ಮೇಲೆತ್ತೋಣವೆಂದು ಹಳೆಯ ಕಪ್ಪು ಬಿಳುಪು ಚಿತ್ರವೊಂದನ್ನು ಹಾಕಿದೆ. ಬೇರೆಯಾಗಲು ಹೊರಟ ಗಂಡ ಹೆಂಡತಿ ಮನೆಯ ಸಾಮಾನು ಪಾಲು ಮಾಡಿಕೊಳ್ಳುವ ಕಥೆ. ಪಕ್ಕದ ಕೋಣೆಯಲ್ಲಿ ಮುದುಕಿ ಮಲಗಿರುವುದರಿಂದ ಇಬ್ಬರೂ ಪಿಸುಮಾತಿನಲ್ಲೇ ಜಗಳವಾಡುತ್ತಾರೆ. ಅದರ ಸೊಗಸೆಲ್ಲ ಆ ಪಿಸುಮಾತಿನಲ್ಲಿದೆ. ಭಾವ ಅದನ್ನೂ ಗರಿಷ್ಠಕ್ಕೆ ಏರಿಸಿದರು. ಪಿಸುಮಾತು ಬಿರುಗಾಳಿಯಾಯಿತು.

ನನಗೆ ಬೇಸರವಾದದ್ದು ಭಾವನಿಂದಲ್ಲ. ಅಕ್ಕ ಒಂದೊಂದು ಹಾಸ್ಯಕ್ಕೂ ತಡವಾಗಿ ನಕ್ಕಳು. ಮೊದಲು ಗಂಡನ ಮುಖ ನೋಡುತ್ತಾಳೆ, ಅವರು ನಕ್ಕರೆ ಇವಳೂ ನಗುತ್ತಾಳೆ. ಅರ್ಧಕ್ಕೇ ಎದ್ದು, "ಒಲೆ ಮೇಲೆ ಹಾಲಿದೆ" ಎಂದು ಅಡಿಗೆಮನೆಗೆ ಹೋದವಳು ಮತ್ತೆ ಬರಲಿಲ್ಲ. ಒಲೆಯ ಮೇಲೆ ಹಾಲಿರಲಿಲ್ಲ.

ನನ್ನನ್ನು ಮೊದಲ ಸಿನಿಮಾಕ್ಕೆ ಕೈಹಿಡಿದು ಕರೆದುಕೊಂಡು ಹೋದವಳು ಇವಳೇ. ಬರುವಾಗ ದಾರಿಯುದ್ದಕ್ಕೂ ಪರೀಕ್ಷೆ: "ಅವಳು ಕಿಟಕಿ ಯಾಕೆ ಮುಚ್ಚಿದಳು? ನಾಯಿ ಯಾವಾಗ ಬೊಗಳಿತು?" ತಪ್ಪು ಹೇಳಿದರೆ ತಲೆಗೊಂದು ಮೊಟಕು. ಅಂಥವಳು ಈಗ ನಗುವುದಕ್ಕೂ ಎಂಜಿನ್ ಡ್ರೈವರನ ಹಸಿರು ನಿಶಾನೆ ಕಾಯುತ್ತಾಳೆ. ಸಹವಾಸದೋಷ ಎಂದರೆ ಇದೇ.

ಮಾರ್ಚ್ ೧೯, ಬುಧವಾರ

ಇವತ್ತಿನದನ್ನು ನಡೆದ ಹಾಗೇ ಬರೆಯುತ್ತೇನೆ.

ಅಕ್ಕ ಶಾಲೆಗೆ ಹೋಗಿದ್ದಳು. ಮಧ್ಯಾಹ್ನ ಎಚ್ಚರವಾದಾಗ ಮನೆ ತಣ್ಣಗಿತ್ತು. ಭಾವ ಹೊರಗೆ ಹೋಗಿರಬೇಕೆಂದುಕೊಂಡು ಊರುಗೋಲು ಹಿಡಿದು ಹಾಲಿಗೆ ಬಂದೆ. ಭಾವ ಕುರ್ಚಿಯಲ್ಲಿದ್ದರು. ಟಿವಿಯೂ ಓಡುತ್ತಿತ್ತು, ಶನಿವಾರದ ಅದೇ ಕಪ್ಪು ಬಿಳುಪು ಸಿನಿಮಾ. ದನಿ ಎಷ್ಟು ಸಣ್ಣದೆಂದರೆ ಬಾಗಿಲಲ್ಲಿ ನಿಂತ ನನಗೇ ಮಾತು ಹಿಡಿಯಲು ಕಷ್ಟವಾಗುತ್ತಿತ್ತು. ಕೂತಲ್ಲೇ ನಿದ್ದೆ ಹೋಗಿರಬೇಕು ಎಂದುಕೊಂಡೆ. ಅವರ ಬೆನ್ನಿಗೆ ತುಟಿಯೊಳಗೇ, "ಕೋಣನ ಮುಂದೆ ಕಿನ್ನರಿ" ಎಂದೆ.

ಅವರು ತಿರುಗಲಿಲ್ಲ. "ಕೋಣಕ್ಕೂ ಕಿವಿ ಇರುತ್ತೆ ಕಣಯ್ಯಾ," ಎಂದರು.

ಅದು ಅವರ ದನಿ ಎಂದು ನಂಬಲೇ ಆಗಲಿಲ್ಲ. ಮೆತ್ತಗೆ, ಮಾಮೂಲಾಗಿ, ಪಕ್ಕದಲ್ಲಿ ಕೂತವರ ಜೊತೆ ಮಾತಾಡುವ ದನಿ.

"ನಿಮಗೆ ಕೇಳಿಸುತ್ತೆ!" ಎಂದೆ.

"ಚೆನ್ನಾಗಿ ಕೇಳಿಸುತ್ತೆ. ರಿಟೈರ್ ಆಗುವಾಗ ಪರೀಕ್ಷೆ ಮಾಡಿದ ಡಾಕ್ಟರು ನಿಮ್ಮದು ಮಕ್ಕಳ ಕಿವಿ ಅಂದ್ರು."

"ಮತ್ತೆ ಈ ರಂಪ ಯಾಕೆ?"

ಅವರು ಟಿವಿ ಆರಿಸಿದರು. "ನಿಮ್ಮಕ್ಕನಿಗೆ ಕೇಳಿಸಲ್ಲ."

ಕೂತೆ. ಅವರೇ ಮುಂದುವರಿಸಿದರು. ಮೊದಮೊದಲು ಬಾಗಿಲ ಗಂಟೆ ತಪ್ಪುತ್ತಿತ್ತಂತೆ. ಆಮೇಲೆ ಫೋನಿನ ಮಾತು. ಈಗ ಮುಖ ಕಾಣದಿದ್ದರೆ ಮಾತು ಅರ್ಥವಾಗುವುದಿಲ್ಲ. ತುಟಿ ನೋಡಿ ಅಂದಾಜು ಮಾಡುತ್ತಾಳೆ. "ಒಂದಿನ ಟಿವಿ ಮುಂದೆ ಕೂತು ಸುಮ್ನೆ ಅಳ್ತಿದ್ಳು. ಯಾಕೆ ಅಂದ್ರೆ ಕಣ್ಣಿಗೆ ಧೂಳು ಅಂದ್ಳು. ಮಾರನೇ ದಿನದಿಂದ ನನಗೆ ಕಿವಿ ಮಂದ ಆಯ್ತು. ಎಂಜಿನ್ ಡ್ರೈವರ್‌ಗೆ ಕಿವಿ ಹೋದ್ರೆ ಯಾರಿಗೂ ಆಶ್ಚರ್ಯ ಆಗಲ್ಲ ನೋಡು."

"ಅಕ್ಕನಿಗೆ ನೇರವಾಗಿ ಹೇಳಿಬಿಡಬಾರದಾ? ಡಾಕ್ಟರ ಹತ್ತಿರ ಕರ್ಕೊಂಡು ಹೋಗಬಾರದಾ?"

"ಸಂಗೀತದ ಟೀಚರು ಕಣಯ್ಯಾ ಅವಳು. ಕಿವಿ ಇಲ್ಲ ಅಂತ ನಾನು ಬಾಯಿಬಿಟ್ಟು ಹೇಳಿದ್ರೆ ಮಾರನೇ ದಿನ ಶಾಲೆ ಬಿಡ್ತಾಳೆ. ಅವಳಾಗೇ ಹೇಳಲಿ ಅಂತ ಕಾಯ್ತಿದೀನಿ."

ಗೇಟಿನ ಸದ್ದಾಯಿತು. ನನಗಿಂತ ಮೊದಲು ಅವರಿಗೇ ಕೇಳಿಸಿತು. ರಿಮೋಟ್ ತೆಗೆದುಕೊಂಡು ಟಿವಿ ಹಾಕಿ, ದನಿ ಏರಿಸಿ, ಕಾಲು ಚಾಚಿ ಕೂತರು. "ಏನಯ್ಯಾ ವಿಮರ್ಶಕ! ಕುಂಟಿಕೊಂಡು ಎಲ್ಲಿಗೆ ಹೊರಟೆ!" ಎಂದು ಕೂಗಿದರು.

ಮಾರ್ಚ್ ೨೦, ಗುರುವಾರ

ಇಂಥ ದಡ್ಡ ಉಪಾಯವನ್ನು ಕೆಟ್ಟ ನಿರ್ದೇಶಕನೂ ಒಪ್ಪಲಾರ. ಒಬ್ಬಳು ಕೇಳಿಸುತ್ತದೆ ಎಂದು ನಟಿಸುವುದು, ಇನ್ನೊಬ್ಬ ಕೇಳಿಸುವುದಿಲ್ಲ ಎಂದು ನಟಿಸುವುದು. ಇಬ್ಬರ ನಟನೆಯ ನಡುವೆ ನೆರೆಹೊರೆಯವರ ನಿದ್ದೆ ಹಾಳು. ಅದೂ ಉಪಯೋಗವಿಲ್ಲದ ನಟನೆ. ಅಕ್ಕನಿಗೆ ಬೇಕಾಗಿರುವುದು ಜೋರಲ್ಲ, ಸ್ಪಷ್ಟ. ಜೋರು ಮಾಡಿದರೆ ಸಿಗುವುದು ಗಲಾಟೆ, ಮಾತಲ್ಲ. ಶನಿವಾರ ಅವಳು ಎದ್ದುಹೋದದ್ದು ಅದಕ್ಕೇ.

ಕಡ್ಡಿಯನ್ನು ಮತ್ತೆ ನೋಡಿದೆ. ಸಬ್‌ಟೈಟಲ್ ಇದೆ, ಇರುವೆ ಗಾತ್ರದ್ದು. ಬಿಳಿ ಗೋಡೆಯ ಮೇಲೆ ಬಿಳಿ ಅಕ್ಷರ. ಒಂದು ಆ್ಯಪಿನಲ್ಲಿ ದೊಡ್ಡದು ಮಾಡಿದರೆ ಇನ್ನೊಂದರಲ್ಲಿ ಮತ್ತೆ ಇರುವೆ. ಇದನ್ನು ಮಾಡಿದವನಿಗೆ ಮುದುಕರ ಪರಿಚಯವೇ ಇಲ್ಲ.

ನನ್ನ ಮೊದಲಿನ ಆಯ್ಕೆಯೂ ಪ್ರಯೋಜನವಿಲ್ಲ. ಕಪ್ಪು ಕಪ್ಪಾಗಿ ಕಂಡು ಏನಾಗಬೇಕಿದೆ.

ಮಾರ್ಚ್ ೨೨, ಶನಿವಾರ

ಭಾವನ ಹೆಗಲು ಹಿಡಿದುಕೊಂಡು ಪೇಟೆಗೆ ಹೋಗಿಬಂದೆ. ಅಂಗಡಿಯಲ್ಲಿ ಗೋಡೆ ತುಂಬ ಟಿವಿಗಳು, ಎಲ್ಲದರಲ್ಲೂ ಹವಳದ ನಡುವೆ ಈಜುವ ಒಂದೇ ಮೀನು. ಮೀನಿನ ಬಣ್ಣ ನೋಡಿ ಜನ ಟಿವಿ ಕೊಳ್ಳುತ್ತಾರೆ, ಆಮೇಲೆ ಜೀವಮಾನವಿಡೀ ಅತ್ತೆ ಸೊಸೆಯ ಜಗಳ ನೋಡುತ್ತಾರೆ.

ಮಾರುವಾಕೆ ನಡುವಯಸ್ಸಿನ ಹೆಂಗಸು, ಕೊರಳಲ್ಲಿ ಗುರುತಿನ ಚೀಟಿ. ಬಾಯಿಪಾಠ ಒಪ್ಪಿಸತೊಡಗಿದಳು: ಇಷ್ಟು ಸಾವಿರ ಚಾನೆಲ್ಲು, ಆಟವಾಡಬಹುದು, ಮನೆಯ ದೀಪ ಆರಿಸಬಹುದು.

"ದೀಪ ಆರಿಸೋಕೆ ಸ್ವಿಚ್ಚಿದೆ," ಎಂದೆ. "ಸಬ್‌ಟೈಟಲ್ ತೋರಿಸಿ."

"ಇದರಲ್ಲಿ ಚಿತ್ರ ತುಂಬಾ ಚೆನ್ನಾಗಿ ಬರುತ್ತೆ ಸರ್."

"ಚಿತ್ರ ಯಾರು ಕೇಳಿದ್ರು? ಅಕ್ಷರ ಎಷ್ಟು ದೊಡ್ಡದಾಗುತ್ತೆ ತೋರಿಸಿ. ಹಿಂದೆ ಕಪ್ಪು ಪಟ್ಟಿ ಬರುತ್ತಾ? ಒಂದು ಸಲ ಹೊಂದಿಸಿದ್ರೆ ಎಲ್ಲ ಆ್ಯಪಲ್ಲೂ ಹಾಗೇ ಇರುತ್ತಾ? ಬೆಳಿಗ್ಗೆ ಎದ್ದಾಗ ಮರೆತುಬಿಡುತ್ತಾ?"

ಆಕೆಗೆ ಗೊತ್ತಿರಲಿಲ್ಲ. ಇಂಥ ಪ್ರಶ್ನೆ ಯಾರೂ ಕೇಳಿಲ್ಲವಂತೆ. ಎಲ್ಲ ಸಾಧನಗಳನ್ನೂ ಒಂದೊಂದಾಗಿ ಸಿಕ್ಕಿಸಿ ತೋರಿಸಲು ಹೇಳಿದೆ. ಮೊದಲನೆಯದರಲ್ಲಿ ಅಕ್ಷರ ಮಾತು ಮುಗಿದ ಮೇಲೆ ಬಂತು. ಇನ್ನೊಂದರಲ್ಲಿ ಅಕ್ಷರ ದೊಡ್ಡದಾಯಿತು, ನಟನ ಬಾಯಿ ಮುಚ್ಚಿಹೋಯಿತು. ಅಕ್ಕನಿಗೆ ತುಟಿಯೂ ಕಾಣಬೇಕಲ್ಲ. ಭಾವ ಒಂದು ಮೂಲೆಯಲ್ಲಿ ನಿಂತು ಪ್ರತಿಯೊಂದರ ದನಿಯನ್ನೂ ಪೂರ್ತಿ ತಗ್ಗಿಸಿ, ಬರೀ ಓದಿಕೊಂಡು ಕಥೆ ತಿಳಿಯುತ್ತದೆಯೇ ಎಂದು ನೋಡುತ್ತಿದ್ದರು. ಆ ಬುದ್ಧಿ ನನಗೇ ಹೊಳೆದಿರಲಿಲ್ಲ ಎಂಬುದನ್ನು ಒಪ್ಪಬೇಕು.

ಕೊನೆಗೆ ಶೋಕೇಸಿನ ತಳದಿಂದ ಒಂದು ಡಬ್ಬಿ ತೆಗೆದಳು. ಕುರೂಪಿ, ಸೋಪಿನ ಪೆಟ್ಟಿಗೆಯ ಹಾಗಿದೆ, ನಿಧಾನ, ಬಾಯಿಮಾತು ಕೇಳುವುದಿಲ್ಲ. ಆದರೆ ಹಳದಿ ಅಕ್ಷರ, ಕಪ್ಪು ಪಟ್ಟಿ, ಬೇಕಾದ ಗಾತ್ರ, ಪರದೆಯ ತೀರ ಅಂಚಿಗೆ. ಎಲ್ಲ ಆ್ಯಪಿನಲ್ಲೂ ಒಂದೇ ಥರ.

"ಮನೇಲಿ ಯಾರಿಗೆ ಕಿವಿ ಕೇಳಿಸಲ್ಲ ಸರ್?" ಎಂದಳು ಬಿಲ್ಲು ಹಾಕುತ್ತ.

"ಎಲ್ಲರಿಗೂ ಕೇಳಿಸುತ್ತೆ. ಈಗಿನ ನಟರಿಗೆ ಬಾಯಿ ಬಿಡೋಕೆ ಬರಲ್ಲ," ಎಂದೆ.

ಮಾರ್ಚ್ ೨೩, ಭಾನುವಾರ

ಸಂಜೆ ಡಬ್ಬಿಯ ಉದ್ಘಾಟನೆ. ಅಕ್ಕ ಕೂರುವ ಮೊದಲೇ ನಾನು ಭಾಷಣ ಶುರುಮಾಡಿದೆ, ಅವಳ ಎದುರಿಗೇ ನಿಂತು, ಬಾಯಿ ಕಾಣುವ ಹಾಗೆ. "ಈ ಮನೆಯಲ್ಲಿ ಇನ್ನು ಸಬ್‌ಟೈಟಲ್ ಇಲ್ಲದೆ ಯಾವುದನ್ನೂ ನೋಡೋ ಹಾಗಿಲ್ಲ. ಈಗಿನವರದು ಮಾತಲ್ಲ, ಮೆಲುಕು. ಹೊಟ್ಟೆಯೊಳಗೇ ಮಾತಾಡ್ತಾರೆ. ನನ್ನ ಕೈಲಿ ಆಗಲ್ಲ, ನನಗೆ ಅಕ್ಷರ ಬೇಕು."

"ನಿನ್ನ ಪೊಗರು ಕಾಲು ಮುರಿದ್ರೂ ಇಳೀಲಿಲ್ಲ ನೋಡು," ಎಂದಳು ಅಕ್ಕ. ಆದರೆ ಕೂತಳು.

ಗಂಡ ಹೆಂಡತಿ ಸಾಮಾನು ಹಂಚಿಕೊಳ್ಳುವ ಸಿನಿಮಾವನ್ನೇ ಮತ್ತೆ ಹಾಕಿದೆ. ಒಡೆದ ಟೀಪಾಟ್ ಯಾರಿಗೆ ಎಂದು ಅವರಿಬ್ಬರು ಪಿಸುಗುಡುವ ದೃಶ್ಯ ಬಂತು. ಅಕ್ಕ ನಕ್ಕಳು. ಭಾವನಿಗಿಂತ ಮೊದಲು. ನನಗಿಂತಲೂ ಮೊದಲು. ಅಕ್ಷರ ಮಾತಿಗಿಂತ ಅರೆಗಳಿಗೆ ಮುಂಚೆ ಬರುತ್ತದೆ, ಅವಳು ಬೇಗ ಓದುತ್ತಾಳೆ. ಭಾವ ಪರದೆ ನೋಡುವುದನ್ನೇ ಬಿಟ್ಟು ಅವಳನ್ನು ನೋಡುತ್ತಿದ್ದರು. ಅಭಿರುಚಿ ಇಲ್ಲದ ಮನುಷ್ಯ. ಎಷ್ಟು ಒಳ್ಳೆಯ ದೃಶ್ಯ ತಪ್ಪಿಸಿಕೊಂಡರು.

ಸಬ್‌ಟೈಟಲಿನಲ್ಲಿ ತಪ್ಪುಗಳು ಹೇರಳ. ಕೊನೆಯಲ್ಲಿ ಹೆಂಡತಿ ಬೀಗದ ಕೈ ಯಾಕೆ ಬಿಟ್ಟುಹೋದಳು ಎಂಬುದರ ಬಗ್ಗೆ ಅಕ್ಕನಿಗೂ ನನಗೂ ಊಟದ ತನಕ ಜಗಳ. ಮರೆತಳು ಎಂದು ನಾನು. "ಮರೀಲಿಲ್ಲ ಕಣೋ ಪೆದ್ದ. ಮತ್ತೆ ಬರೋಕೆ ಒಂದು ನೆಪ ಬೇಕಲ್ಲ," ಎಂದು ಅವಳು. ಎಷ್ಟೋ ವರ್ಷ ನಾನು ಆ ಚಿತ್ರದ ಬಗ್ಗೆ ತಪ್ಪು ಬರೆದಿದ್ದೇನೆ ಎಂದು ಕಾಣುತ್ತದೆ. ಇರಲಿ, ಓದಿದವರೆಷ್ಟು ಮಂದಿ.

ಮಾರ್ಚ್ ೨೮, ಶುಕ್ರವಾರ

ಸಂಪಾದಕರ ಫೋನು. ಪುಟ ಕಾಯಮ್ಮಾಗಿ ಬೇರೆಯವರಿಗೆ ಹೋಗಿದೆ. ಅದೇನೋ ಹೇಳುತ್ತಿದ್ದರು, ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಡಬ್ಬಿ ಹೊಸ ಆವೃತ್ತಿ ಇಳಿಸಿಕೊಂಡು ಅಕ್ಷರಗಳನ್ನು ಬಿಳಿ ಮಾಡಿಬಿಟ್ಟಿತ್ತು. ಅಕ್ಕ ಬರುವುದರೊಳಗೆ ಮತ್ತೆ ಹಳದಿ ಮಾಡಬೇಕಿತ್ತು.

ಏಪ್ರಿಲ್ ೩, ಗುರುವಾರ

ಅಕ್ಕ ಶಾಲೆಯಿಂದ ಬೇಗ ಬಂದಳು. ಚಪ್ಪಲಿಯನ್ನೂ ಬಿಡದೆ ಹಾಲಿನಲ್ಲಿ ನಿಂತು, "ಆ ಟಿವಿ ಆಫ್ ಮಾಡಿ," ಎಂದಳು. ಭಾವ ಮಾಡಿದರು.

ಶಾಲೆಯ ವಾರ್ಷಿಕೋತ್ಸವಕ್ಕೆ ಹುಡುಗಿಯರ ಮೇಳಗಾನ ತಯಾರಾಗುತ್ತಿದೆ. ಅವಳು ಪಿಯಾನೋದ ಮುಚ್ಚಳದ ಮೇಲೆ ಒಂದು ಕೈಯಿಟ್ಟು, ಇನ್ನೊಂದು ಕೈಯಲ್ಲಿ ತಾಳ ಹಾಕುತ್ತ ಹಾಡಿಸುತ್ತಾಳೆ. ಮುಚ್ಚಳದ ಮೇಲಿನ ಅಂಗೈಗೆ ಸ್ವರದ ನಡುಕ ತಾಗುತ್ತದಂತೆ. ಅಷ್ಟರಿಂದಲೇ ಈವರೆಗೆ ನಡೆಸಿದ್ದಾಳೆ. ಇಂದು ಪಿಯಾನೋ ನುಡಿಸುವವರು ರಜೆ. ಬರೀ ಕಂಠದಲ್ಲಿ ಹಾಡಿ ಎಂದಳು. ಹುಡುಗಿಯರು ಬಾಯಿ ತೆರೆದರು, ಇವಳು ತಾಳ ಹಾಕಿದಳು, ಮೊದಲ ಸಾಲು ಆಯಿತು, ಎರಡನೆಯ ಸಾಲೂ ಆಯಿತು. ಆಗ ಬಾಗಿಲಲ್ಲಿ ನಿಂತಿದ್ದ ಚಿತ್ರಕಲೆಯ ಟೀಚರ ಮುಖ ಕಣ್ಣಿಗೆ ಬಿತ್ತು. ಆ ಮುಖದಿಂದ ಗೊತ್ತಾಯಿತು. ಹುಡುಗಿಯರು ಹಾಡುತ್ತಲೇ ಇರಲಿಲ್ಲ. ಬರೀ ತುಟಿ ಆಡಿಸುತ್ತಿದ್ದರು. ಪರೀಕ್ಷಿಸುತ್ತಿದ್ದರು.

"ನಾನು ಕೈ ಆಡಿಸ್ತಾ ಇದ್ದೆ," ಎಂದಳು ಅಕ್ಕ. "ಚೆನ್ನಾಗಿದೆ, ಇನ್ನೂ ಸ್ವಲ್ಪ ಎತ್ತರಿಸಿ ಅಂತ ಬೇರೆ ಹೇಳಿದೆ."

ಆ ಹುಡುಗಿಯರನ್ನು ನಾನು ಏನೆಲ್ಲ ಬೈಯಬಹುದಿತ್ತು. ನನ್ನ ಹತ್ತಿರ ಬೈಗುಳಕ್ಕೆ ಬರವಿಲ್ಲ. ಒಂದೂ ಬರಲಿಲ್ಲ.

ಭಾವ ಎದ್ದು ಹತ್ತಿರ ಹೋಗಿ, ಅಭ್ಯಾಸಬಲದಿಂದ, "ಏನಾಯ್ತೇ? ಜೋರಾಗಿ ಹೇಳು!" ಎಂದು ಕೂಗಿದರು.

"ಸಾಕು ಬಿಡ್ರೀ," ಎಂದಳು. "ಹಾಲು ಉಕ್ಕಿದ ಸದ್ದಿಗೆ ಅಂಗಳದಿಂದ ಎದ್ದು ಬರೋರು ನೀವು. ಕಿವುಡರಂತೆ ಕಿವುಡರು. ನಿಮಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ." ಆಮೇಲೆ ನನ್ನ ಕಡೆ ತಿರುಗಿ, "ನೀನೊಬ್ಬ. ಮೆಲುಕು ಹಾಕೋ ನಟರಂತೆ!"

ಭಾವ ಅವಳ ಕೈಯಿಂದ ಚೀಲ ತೆಗೆದುಕೊಂಡರು. ಬಗ್ಗಿ ಚಪ್ಪಲಿ ಬಿಚ್ಚಿಸಿದರು. ಅವಳು ಅವರ ತಲೆಯ ಮೇಲೆ ಕೈಯೂರಿ ನಿಂತಿದ್ದಳು, ಬೀಳದ ಹಾಗೆ.

ಏಪ್ರಿಲ್ ೯, ಬುಧವಾರ

ಕಿವಿ ಪರೀಕ್ಷೆ. ಅಕ್ಕನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಕೈಗೊಂದು ಗುಂಡಿ ಕೊಟ್ಟರು, ಸದ್ದು ಕೇಳಿಸಿದಾಗ ಒತ್ತಬೇಕು. ಬಹಳ ಹೊತ್ತು ಒತ್ತಲೇ ಇಲ್ಲ. ನನ್ನ ಪಕ್ಕದಲ್ಲಿ ಭಾವ ತಮ್ಮ ಮಂಡಿಯ ಮೇಲೆ ಹೆಬ್ಬೆರಳನ್ನು ಒತ್ತುತ್ತಲೇ ಇದ್ದರು.

ಪರೀಕ್ಷೆ ಮಾಡಿದವನು ಚೂಯಿಂಗ್ ಗಮ್ ಅಗಿಯುತ್ತ ವಿವರಿಸಿದ. ಬಾಯಿ ಖಾಲಿ ಮಾಡಿಕೊಂಡು, ಆಕೆಯ ಮುಖ ನೋಡಿ ಮಾತಾಡಿ ಎಂದು ಹೇಳಬೇಕಾಯಿತು. ಎರಡು ಕಿವಿಗೂ ಯಂತ್ರ ಬೇಕು. ಮಾತು ಚೆನ್ನಾಗಿ ಕೇಳಿಸುತ್ತದೆ. "ಸಂಗೀತ?" ಎಂದಳು ಅಕ್ಕ. ಅದು ಹೇಳಲಾಗದು, ಕೆಲವರಿಗೆ ಸ್ವರ ಬೇರೆ ಥರ ಕೇಳಿಸುತ್ತದೆ ಎಂದ.

ಅಕ್ಕ ಶಾಲೆಗೆ ತಾನೇ ಹೋಗಿ ಮುಖ್ಯೋಪಾಧ್ಯಾಯಿನಿಗೆ ಎಲ್ಲ ಹೇಳಿದಳು. ಯಂತ್ರ ಬಂದ ಮೇಲೆ ನಡೆಸಲು ಆದರೆ ನಡೆಸಿ, ಇಲ್ಲದಿದ್ದರೆ ರೆಕಾರ್ಡ್ ಹಾಕಿಬಿಡೋಣ ಎಂದರಂತೆ. ಮೇಳಗಾನಕ್ಕೆ ರೆಕಾರ್ಡು! ಶಿಕ್ಷಣದ ಮಟ್ಟ.

ಏಪ್ರಿಲ್ ೧೫, ಮಂಗಳವಾರ

ಯಂತ್ರ ಬಂದಿದೆ. ಮೊದಲ ದಿನವೇ ಅಕ್ಕನಿಗೆ ಮನೆಯ ಮೇಲೆ ಸಿಟ್ಟು. ಫ್ರಿಜ್ಜು ಗೊರಕೆ ಹೊಡೆಯುತ್ತದೆ, ಫ್ಯಾನು ಕಿರುಗುಡುತ್ತದೆ, "ನೀವಿಬ್ಬರೂ ಊಟ ಮಾಡುವಾಗ ಇಷ್ಟೊಂದು ಸದ್ದು ಮಾಡ್ತೀರಾ?" ಎಂದಳು. ಭಾವ ಈಗ ಮೆಲ್ಲಗೆ ಮಾತಾಡಲು ಕಲಿಯುತ್ತಿದ್ದಾರೆ, ಬರುತ್ತಿಲ್ಲ.

ಟಿವಿಯಲ್ಲಿ ಹಾಡು ಬಂದಾಗ ಅವಳು ಮುಖ ತಿರುಗಿಸಿಕೊಂಡಳು. ತಗಡಿನ ಮೇಲೆ ಮೊಳೆ ಎಳೆದ ಹಾಗೆ ಕೇಳಿಸುತ್ತದಂತೆ. ಯಾವುದು ಹಾಡಿನ ತಪ್ಪು, ಯಾವುದು ಯಂತ್ರದ ತಪ್ಪು ಎಂದೇ ತಿಳಿಯುವುದಿಲ್ಲ ಎಂದಳು. "ರೆಕಾರ್ಡೇ ಹಾಕಿಬಿಡಲಿ." ಭಾವ, "ಇಲ್ಲ ಕಣೇ, ಎಲ್ಲ ಸರಿ ಹೋಗುತ್ತೆ, ನೀನು ಅದ್ಭುತವಾಗಿ ಮಾಡ್ತೀಯ," ಎಂದರು. ಸಮಾಧಾನದ ಮಾತುಗಳಷ್ಟು ಹಾಳು ಮಾತುಗಳು ಬೇರಿಲ್ಲ.

ಏಪ್ರಿಲ್ ೧೯, ಶನಿವಾರ

ನಿನ್ನೆ ಪ್ಲಾಸ್ಟರ್ ತೆಗೆದರು. ಮನೆಗೆ ಹೋಗಬಹುದಿತ್ತು. ಮೆಟ್ಟಿಲು ಹತ್ತುವ ಧೈರ್ಯ ಇನ್ನೂ ಇಲ್ಲ. ಡಬ್ಬಿಯ ಹೊಂದಾಣಿಕೆಗಳನ್ನು ಭಾವನಿಗೆ ಕಲಿಸುವುದೂ ಬಾಕಿಯಿದೆ.

ಇಂದು ಶಾಲೆಯ ಸಭಾಂಗಣದಲ್ಲಿ ಕೊನೆಯ ಅಭ್ಯಾಸ. ಅಕ್ಕ ನಮ್ಮಿಬ್ಬರನ್ನೂ ಕರೆದುಕೊಂಡು ಹೋದಳು. ಕೂದಲನ್ನು ಹಿಂದಕ್ಕೆ ಬಿಗಿದು ಕಟ್ಟಿದ್ದಳು, ಎರಡೂ ಯಂತ್ರ ಕಾಣುವ ಹಾಗೆ. ಹುಡುಗಿಯರು ನೆಲ ನೋಡುತ್ತ ನಿಂತಿದ್ದರು. ಅಕ್ಕ ಬೈಯಲಿಲ್ಲ. "ಇದು ಕಿವಿ ಯಂತ್ರ. ಮಾತು ಕೇಳಿಸುತ್ತೆ. ಹಾಡು ಹೇಗೆ ಕೇಳಿಸುತ್ತೆ ಅಂತ ಇವತ್ತು ನೋಡಬೇಕು. ಶುರು ಮಾಡಿ," ಎಂದಳು.

ಹಾಡಿದರು. ಒಂದು ಚರಣ ಆಗುತ್ತಲೇ ಅಕ್ಕನ ಮುಖ ಬಾಡಿತು. ಕೈ ತಗ್ಗಿಸಿ ನಿಲ್ಲಿಸಿದಳು. ವೇದಿಕೆ ಇಳಿದು ನಮ್ಮ ಸಾಲಿಗೆ ಬಂದಳು.

"ಅದ್ಭುತ!" ಎಂದರು ಭಾವ.

"ನಿಮ್ಮನ್ನ ಕೇಳಲಿಲ್ಲ," ಎಂದು ನನ್ನ ಎದುರು ನಿಂತಳು. "ನೀನು ಹೇಳು. ನಿನ್ನ ಜನ್ಮದಲ್ಲಿ ಯಾರನ್ನೂ ಸುಮ್ಸುಮ್ನೆ ಹೊಗಳಿದವನಲ್ಲ. ನನ್ನನ್ನ ನೋಡಿ ಮರುಗಬೇಡ. ಹೇಗಿತ್ತು?"

ಭಾವ ನನ್ನ ಮೊಣಕೈ ಹಿಚುಕಿದರು. ಹುಡುಗಿಯರೆಲ್ಲ ಇತ್ತಲೇ ನೋಡುತ್ತಿದ್ದರು.

"ಕೆಟ್ಟದಾಗಿತ್ತು," ಎಂದೆ. "ಎಡಗಡೆಯವರು ಎರಡನೇ ಸಾಲಿಗೇ ಸ್ವರದಿಂದ ಜಾರಿದ್ರು. ಕೊನೇಲಿ ಎಲ್ಲರನ್ನೂ ಎಳ್ಕೊಂಡು ಬಿದ್ರು. ತಗಡು ಕೆರೆದ ಹಾಗಿತ್ತು."

ಅಕ್ಕ ನನ್ನ ಮುಖವನ್ನೇ ನೋಡಿದಳು. ಅವಳ ಕಣ್ಣು ದೊಡ್ಡದಾಯಿತು.

"ಎಡಗಡೆಯವರೇ ಅಲ್ವಾ?" ಎಂದಳು. "ಎರಡನೇ ಸಾಲಲ್ಲೇ ಅಲ್ವಾ? ನಾನು ಯಂತ್ರದ ತಪ್ಪು ಅಂದುಕೊಂಡೆ ಕಣೋ!"

ಸೆರಗು ಸಿಕ್ಕಿಸಿಕೊಂಡು ಹೆಚ್ಚುಕಡಿಮೆ ಓಡಿಯೇ ಹೋದಳು. ಎಡಗಡೆಯವರನ್ನು ಮುಂದಕ್ಕೆ ಕರೆದು ಅವರನ್ನಷ್ಟೇ ಹಾಡಿಸಿದಳು. ತಪ್ಪಿದಾಗ ನಿಲ್ಲಿಸಿ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ, ಹೌದು, ತಪ್ಪು. ಮತ್ತೆ ಹಾಡಿಸಿದಳು, ಮತ್ತೆ ನೋಡಿದಳು. ಹುಡುಗಿಯರ ಬೆವರಿಳಿಯಿತು. ಅಷ್ಟು ಹೊತ್ತು ಅಷ್ಟು ಕೆಟ್ಟ ಹಾಡನ್ನು ನಾನು ಎಲ್ಲೂ ಕೂತು ಕೇಳಿದವನಲ್ಲ.

ಕೊನೆಗೊಂದು ಸಲ ಸರಿಯಾಗಿ ಬಂತು. ಅಕ್ಕ ಕೈಯೆತ್ತಿ, "ಹಾಂ, ಇದು!" ಎಂದಳು. ನನ್ನ ಕಡೆ ನೋಡಲೇ ಇಲ್ಲ.